ದಾರ ಹಿಡಿದರೆ ಹದಿನೇಳು ಸಾವಿರ ಕಿ.ಮೀ.

ಶಾಲೆಯಲ್ಲಿರುವ ಭೂಗೋಳದ ಮಾದರಿಯೊಂದನ್ನು ತೆಗೆದುಕೊಂಡು ಲಂಡನ್ನಿನ ಮೇಲೆ ದಾರದ ಒಂದು ತುದಿಯನ್ನೂ ಸಿಡ್ನಿಯ ಮೇಲೆ ಇನ್ನೊಂದು ತುದಿಯನ್ನೂ ಇಟ್ಟು ಬಿಗಿಯಾಗಿ ಎಳೆಯಬೇಕು. ಆ ದಾರದ ಉದ್ದವೇ ಎರಡು ಊರುಗಳ ನಡುವಣ ಅತಿ ಕಡಿಮೆ ದೂರ. ಲೆಕ್ಕ ಹಾಕಿದರೆ ಅದು ಸುಮಾರು 17,000 ಕಿ.ಮೀ. ಆಗುತ್ತದೆ. ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಇರುವಾಗ, ಇಷ್ಟು ದೂರದ ಇನ್ನೆರಡು ಮಹಾನಗರಗಳನ್ನು ಹುಡುಕುವುದು ಸುಲಭವಲ್ಲ.

ದಾರ ಹಾದು ಹೋಗುವ ಜಾಗವನ್ನು ಗಮನಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಅದು ಬಾಲ್ಟಿಕ್ ಸಮುದ್ರವನ್ನು ದಾಟಿ, ರಷ್ಯಾ, ಕಜಕಸ್ತಾನ ಮತ್ತು ಚೀನಾಗಳ ಮೇಲೆ ಸಾಗಿ, ಇಂಡೊನೇಷ್ಯದ ದ್ವೀಪಗಳನ್ನು ಹಾದು ಆಸ್ಟ್ರೇಲಿಯಕ್ಕೆ ಇಳಿಯುತ್ತದೆ. ಭಾರತವನ್ನು ಅದು ಮುಟ್ಟುವುದೇ ಇಲ್ಲ. ಆದರೆ ವಿಮಾನಗಳು ಈ ದಾರಿಯಲ್ಲಿ ಓಡಾಡಲು ತೊಡಗಿದ ಮೊದಲ ನಾಲ್ಕು ದಶಕಗಳಲ್ಲಿ ಕರಾಚಿ, ಅಲಹಾಬಾದ್, ಕಲ್ಕತ್ತಗಳಲ್ಲಿ ಇಳಿಯದೆ ಲಂಡನ್ನಿನಿಂದ ಸಿಡ್ನಿ ತಲುಪಿದವರು ತೀರ ವಿರಳ. ಯಾರ ಆಳ್ವಿಕೆ ಎಲ್ಲಿತ್ತು, ಇಂಧನ ಎಲ್ಲಿ ಸಿಗುತ್ತಿತ್ತು, ಯಾವ ದೇಶ ತನ್ನ ಆಕಾಶದಲ್ಲಿ ಹಾರಲು ಬಿಡುತ್ತಿತ್ತು, ಎಲ್ಲಿ ಯುದ್ಧ ನಡೆಯುತ್ತಿತ್ತು ಎಂಬುದೆಲ್ಲ ಸೇರಿ ದಾರದ ದಾರಿಯನ್ನು ಬಾಗಿಸಿದವು. ಎರಡು ವಿಮಾನ ನಿಲ್ದಾಣಗಳ ನಡುವಣ ಅಂತರವನ್ನು ಕಿಲೋಮೀಟರಿನಲ್ಲಿ ಅಳೆದರೆ ಕತೆಯ ಅರ್ಧ ಮಾತ್ರ ಸಿಗುತ್ತದೆ.

ಬ್ರಿಟನ್ ತನ್ನ ಕೈದಿಗಳನ್ನು ಆಸ್ಟ್ರೇಲಿಯಕ್ಕೆ ಸಾಗಿಸಲು ಕಳುಹಿಸಿದ ಹನ್ನೊಂದು ಹಡಗುಗಳ ಮೊದಲ ತಂಡ 1787ರ ಮೇ 13ರಂದು ಪೋರ್ಟ್ಸ್‌ಮತ್ ಬಿಟ್ಟಿತು. ಬಾಟನಿ ಕೊಲ್ಲಿ ಸೇರಿದ್ದು 1788ರ ಜನವರಿಯಲ್ಲಿ. ಎಂಟು ತಿಂಗಳ ಪಯಣ. ಸೂಯೆಜ್ ಕಾಲುವೆ ತೆರೆದು ಉಗಿಹಡಗುಗಳು ಬಂದ ಮೇಲೆ ಅದು ಐದಾರು ವಾರಕ್ಕೆ ಇಳಿಯಿತು. ಆದರೆ ಅದಕ್ಕೂ ಮುಖ್ಯವಾದ ಬದಲಾವಣೆ ನಡೆದದ್ದು 1872ರಲ್ಲಿ. ಆ ವರ್ಷ ಡಾರ್ವಿನ್‌ನಿಂದ ಅಡಿಲೇಡ್‌ವರೆಗೆ ಮರುಭೂಮಿಯ ನಡುವೆ ಎಳೆದ ತಂತಿ, ಜಾವಾದ ಸಮುದ್ರ ಕೇಬಲ್ಲಿಗೆ ಸೇರಿಕೊಂಡಿತು. ಅಲ್ಲಿಂದ ಮುಂದೆ ಲಂಡನ್ನಿನ ಸುದ್ದಿ ಸಿಡ್ನಿಗೆ ಕೆಲವೇ ಗಂಟೆಗಳಲ್ಲಿ ಬರತೊಡಗಿತು. ಸುದ್ದಿಗೆ ಮಾತ್ರ ಆ ವೇಗ, ಮನುಷ್ಯನಿಗಲ್ಲ. ತಾಯಿ ಹಾಸಿಗೆ ಹಿಡಿದಿದ್ದಾಳೆಂಬ ತಂತಿ ಮರುದಿನವೇ ಕೈಸೇರಿದರೂ ಮಗ ಊರಿಗೆ ಬರಲು ಆರು ವಾರ ಬೇಕಾಗುತ್ತಿತ್ತು. ಆಸ್ಟ್ರೇಲಿಯದ ಇತಿಹಾಸಕಾರ ಜೆಫ್ರಿ ಬ್ಲೇನಿ ತಮ್ಮ ದೇಶದ ಚರಿತ್ರೆಯನ್ನು ಕುರಿತು 1966ರಲ್ಲಿ ಬರೆದ ಪುಸ್ತಕಕ್ಕೆ ‘ದೂರದ ದಬ್ಬಾಳಿಕೆ’ ಎಂಬರ್ಥದ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಮೂವತ್ತು ದಿನಗಳ ಪಂದ್ಯ

ಮೊದಲ ಮಹಾಯುದ್ಧ ಮುಗಿದಾಗ ಯುರೋಪಿನಲ್ಲಿ ಆಸ್ಟ್ರೇಲಿಯದ ನೂರಾರು ವಿಮಾನ ಚಾಲಕರಿದ್ದರು. ಅವರೆಲ್ಲ ಊರಿಗೆ ಮರಳಲು ಹಡಗಿಗಾಗಿ ಕಾಯುತ್ತಿದ್ದರು. ಪ್ರಧಾನಿ ಬಿಲ್ಲಿ ಹ್ಯೂಸ್ ಅವರ ಸರ್ಕಾರ 1919ರಲ್ಲಿ ಒಂದು ಬಹುಮಾನ ಪ್ರಕಟಿಸಿತು. ಬ್ರಿಟನ್ನಿನಿಂದ ಆಸ್ಟ್ರೇಲಿಯಕ್ಕೆ ಮೂವತ್ತು ದಿನದೊಳಗೆ ಹಾರಿ ಬರುವ ಮೊದಲ ಆಸ್ಟ್ರೇಲಿಯನ್ ತಂಡಕ್ಕೆ 10,000 ಪೌಂಡ್. ಆಗಿನ ಕಾಲಕ್ಕೆ ಅದು ಭಾರೀ ಮೊತ್ತವೇ.

ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಎಂಬ ಅಣ್ಣತಮ್ಮಂದಿರು, ಜಿಮ್ ಬೆನೆಟ್ ಮತ್ತು ವಾಲಿ ಶಿಯರ್ಸ್ ಎಂಬ ಇಬ್ಬರು ಮೆಕ್ಯಾನಿಕ್‌ಗಳೊಡನೆ ನವೆಂಬರ್ 12ರಂದು ಲಂಡನ್ ಹೊರವಲಯದ ಹೌನ್ಸ್‌ಲೊ ಬಿಟ್ಟರು. ಅವರ ವಾಹನ ಯುದ್ಧಕ್ಕೆಂದು ತಯಾರಾಗಿದ್ದ ವಿಕರ್ಸ್ ವಿಮಿ ಎಂಬ ಬಾಂಬರ್ ವಿಮಾನ. ಕೂರುವ ಜಾಗಕ್ಕೆ ಮೇಲೆ ಮುಚ್ಚಳವಿಲ್ಲ. ಮಳೆ, ಹಿಮ, ಗಾಳಿ ಎಲ್ಲವೂ ಮುಖಕ್ಕೇ. ವಿಮಾನದ ನೋಂದಣಿ ಅಕ್ಷರಗಳು ಜಿ-ಇಎಒಯು. ‘ದೇವರೇ, ನಮ್ಮೆಲ್ಲರನ್ನೂ ಕಾಪಾಡು’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿವು ಎಂದು ಆ ನಾಲ್ವರು ತಮಾಷೆ ಮಾಡಿಕೊಳ್ಳುತ್ತಿದ್ದರು.

ತಮಾಷೆ ತೀರ ತಮಾಷೆಯಾಗಿರಲಿಲ್ಲ. ಪಂದ್ಯಕ್ಕೆ ಇಳಿದ ಆರು ತಂಡಗಳಲ್ಲಿ ಒಂದು, ಲಂಡನ್ ಬಿಟ್ಟ ಕೆಲವೇ ನಿಮಿಷಗಳಲ್ಲಿ ನೆಲಕ್ಕಪ್ಪಳಿಸಿ ಇಬ್ಬರೂ ಸತ್ತರು. ಇನ್ನೊಂದು ಗ್ರೀಸ್‌ನ ಕೊರ್ಫು ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು ಮತ್ತಿಬ್ಬರು ತೀರಿಕೊಂಡರು. ಸ್ಮಿತ್ ತಂಡ ಕೈರೋ, ದಮಾಸ್ಕಸ್, ಬಸ್ರಾ, ಕರಾಚಿ, ದೆಹಲಿ, ಅಲಹಾಬಾದ್‌ಗಳಲ್ಲಿ ಇಳಿದಿಳಿದು ಕಲ್ಕತ್ತ ತಲುಪಿತು. ಅಲ್ಲಿ ನೆಲ ಬಿಟ್ಟೇಳುವಾಗ ಹದ್ದುಗಳು ಬಂದು ವಿಮಾನಕ್ಕೆ ಬಡಿದವು. ಇನ್ನೇನು ಮರಗಳಿಗೆ ತಗಲಬೇಕು ಎನ್ನುವಷ್ಟರಲ್ಲಿ ವಿಮಾನ ಹೇಗೋ ಮೇಲೆದ್ದಿತು. ಜಾವಾದ ಸುರಬಾಯದಲ್ಲಿ ಚಕ್ರಗಳು ಕೆಸರಿನಲ್ಲಿ ಹೂತವು. ಊರವರು ತಮ್ಮ ಮನೆಗಳಿಂದ ಬಿದಿರಿನ ಚಾಪೆಗಳನ್ನು ತಂದು ಸಾಲಾಗಿ ಹಾಸಿದರು. ಆ ಚಾಪೆಗಳ ಮೇಲೆ ಓಡಿ ವಿಮಿ ಗಾಳಿಗೇರಿತು. ವಿಮಾನಯಾನದ ಚರಿತ್ರೆಯಲ್ಲಿ ಇಂಥ ರನ್‌ವೇ ಇನ್ನೊಂದಿರಲಾರದು! ಡಿಸೆಂಬರ್ 10ರಂದು ಅವರು ಡಾರ್ವಿನ್‌ನಲ್ಲಿ ಇಳಿದರು. ಹೊರಟು 27 ದಿನ 20 ಗಂಟೆಯಾಗಿತ್ತು. ಅದರಲ್ಲಿ ನಿಜವಾಗಿ ಹಾರಿದ್ದು ಸುಮಾರು 135 ಗಂಟೆ ಮಾತ್ರ. ಬಹುಮಾನದ ಹಣವನ್ನು ನಾಲ್ವರೂ ಸಮನಾಗಿ ಹಂಚಿಕೊಂಡರು. ರಾಸ್ ಸ್ಮಿತ್ ಮತ್ತು ಬೆನೆಟ್ 1922ರಲ್ಲಿ ಬೇರೊಂದು ವಿಮಾನವನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ಸತ್ತರು. ವಿಮಿ ಮಾತ್ರ ಉಳಿದಿದೆ. ಅಡಿಲೇಡ್ ವಿಮಾನ ನಿಲ್ದಾಣದಲ್ಲಿ ಅದನ್ನು ನೋಡಬಹುದು.

ಪಂದ್ಯ ಮುಗಿಸಿದ ಇನ್ನೊಂದೇ ತಂಡ ರೇ ಪೇರರ್ ಮತ್ತು ಜಾನ್ ಮ್ಯಾಕಿಂಟಾಷ್ ಅವರದು. ಅವರಿಗೆ ಹಿಡಿದದ್ದು 206 ದಿನ. ದಾರಿಯುದ್ದಕ್ಕೂ ಕೆಟ್ಟು ನಿಲ್ಲುತ್ತಿದ್ದ ವಿಮಾನವನ್ನು ತೇಪೆ ಹಾಕುತ್ತ, ಕೈಯಲ್ಲಿ ಕಾಸಿಲ್ಲದೆ ಅಲ್ಲಲ್ಲಿ ಹಣ ಹೊಂದಿಸಿಕೊಳ್ಳುತ್ತ ಅವರು ಬಂದು ಮುಟ್ಟಿದ್ದು 1920ರ ಆಗಸ್ಟ್‌ನಲ್ಲಿ. ಹಡಗಿನಲ್ಲಿ ಬಂದಿದ್ದರೆ ನಾಲ್ಕು ಸಲ ಬರಬಹುದಿತ್ತು.

ಈ ಪಂದ್ಯದ ಇನ್ನೊಂದು ಫಲ ಹೆಚ್ಚು ದಿನ ಬಾಳಿತು. ಸ್ಪರ್ಧಿಗಳು ಆಸ್ಟ್ರೇಲಿಯದೊಳಗೆ ಎಲ್ಲಿ ಇಳಿಯಬಹುದು ಎಂದು ಗುರುತಿಸಿ ಬರಲು ಹಡ್ಸನ್ ಫಿಶ್ ಮತ್ತು ಪಾಲ್ ಮೆಕ್‌ಗಿನ್ನೆಸ್ ಎಂಬ ಇಬ್ಬರು ಮಾಜಿ ಸೈನಿಕರನ್ನು ನೇಮಿಸಲಾಗಿತ್ತು. ಅವರು ಒಂದು ಫೋರ್ಡ್ ಕಾರಿನಲ್ಲಿ ರಸ್ತೆಯೇ ಇಲ್ಲದ ಉತ್ತರದ ಬಯಲನ್ನು ದಾಟಿದರು. ಇಂಥ ನಾಡಿಗೆ ಕಾರಿಗಿಂತ ವಿಮಾನವೇ ಸರಿ ಎಂದು ಅವರಿಗೆ ಅನ್ನಿಸಿದ್ದು ಆ ಪ್ರಯಾಣದಲ್ಲಿ. 1920ರ ನವೆಂಬರ್‌ನಲ್ಲಿ ಅವರು ಮತ್ತು ಗೆಳೆಯರು ಸೇರಿ ಕ್ವೀನ್ಸ್‌ಲೆಂಡ್ ಮತ್ತು ನಾರ್ದರ್ನ್ ಟೆರಿಟರಿಗಳ ಹೆಸರಿನಲ್ಲಿ ಒಂದು ಕಂಪನಿ ಕಟ್ಟಿದರು. ಅದರ ಮೊದಲಕ್ಷರಗಳನ್ನು ಜೋಡಿಸಿದರೆ ಬರುವುದೇ ‘ಕ್ವಾಂಟಾಸ್’.

ಬಳ್ಳಾರಿಗೂ ಬಂದ ಟಪಾಲು

ಸಾಹಸಿಗಳು ದಿನಗಳ ಲೆಕ್ಕವನ್ನು ಇಳಿಸುತ್ತಲೇ ಹೋದರು. ಬರ್ಟ್ ಹಿಂಕ್ಲರ್ 1928ರಲ್ಲಿ ಒಬ್ಬನೇ ಹಾರಿ ಹದಿನಾರು ದಿನದೊಳಗೆ ಡಾರ್ವಿನ್ ಮುಟ್ಟಿದ. 1930ರ ಮೇ ತಿಂಗಳಲ್ಲಿ ಏಮಿ ಜಾನ್ಸನ್ ಎಂಬ ಯುವತಿ ಒಬ್ಬಂಟಿಯಾಗಿ ಹೊರಟಾಗ ಅಷ್ಟು ದೂರ ಹಾರಿದ ಅನುಭವವೇ ಆಕೆಗಿರಲಿಲ್ಲ. ಅಲಹಾಬಾದ್ ಸೇರುವ ಮೊದಲೇ ಪೆಟ್ರೋಲ್ ತೀರಿ ಝಾನ್ಸಿಯ ಸೈನಿಕರ ಕವಾಯತು ಮೈದಾನದಲ್ಲಿ ಇಳಿದಳು. ರಂಗೂನಿನ ಬಳಿ ಆಟದ ಮೈದಾನವೊಂದರಲ್ಲಿ ಇಳಿಯಲು ಹೋಗಿ ವಿಮಾನ ಮುರಿಯಿತು. ಅದನ್ನು ಸರಿಪಡಿಸಿಕೊಂಡು ಹತ್ತೊಂಬತ್ತೂವರೆ ದಿನದಲ್ಲಿ ಆಸ್ಟ್ರೇಲಿಯ ತಲುಪಿದಳು. 1934ರಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ ನಡೆದ ಪಂದ್ಯದಲ್ಲಿ ಗೆದ್ದ ಸ್ಕಾಟ್ ಮತ್ತು ಕ್ಯಾಂಬೆಲ್ ಬ್ಲ್ಯಾಕ್ ತೆಗೆದುಕೊಂಡದ್ದು ಮೂರು ದಿನಕ್ಕೂ ಕಡಿಮೆ. ಆದರೆ ಕಂಪನಿಗಳ ಕಣ್ಣು ಬಿದ್ದದ್ದು ಎರಡನೆಯದಾಗಿ ಬಂದ ವಿಮಾನದ ಮೇಲೆ. ಅದು ಡಚ್ ಕಂಪನಿ ಕೆಎಲ್ಎಂನ ಡಿಸಿ-2. ಪ್ರಯಾಣಿಕರನ್ನೂ ಅಂಚೆಯನ್ನೂ ಹೊತ್ತೇ ಅದು ನಾಲ್ಕು ದಿನದೊಳಗೆ ಬಂದಿತ್ತು. ಆ ಪಂದ್ಯದಲ್ಲಿ ಎಲ್ಲರೂ ಕಡ್ಡಾಯವಾಗಿ ಇಳಿಯಲೇಬೇಕಾಗಿದ್ದ ಐದು ಊರುಗಳಲ್ಲಿ ಅಲಹಾಬಾದ್ ಒಂದು.

ಸಾಮಾನ್ಯ ಪ್ರಯಾಣಿಕನ ಪಾಲಿಗೆ ದಾರಿ ಇಷ್ಟು ಬೇಗ ಸಾಗಲಿಲ್ಲ. ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ 1929ರಲ್ಲಿ ಲಂಡನ್–ಕರಾಚಿ ಸೇವೆ ಆರಂಭಿಸಿತು. ಕರಾಚಿಗೆ ಬಂದ ಟಪಾಲು ದಕ್ಷಿಣ ಭಾರತಕ್ಕೆ ಹೋಗುವುದು ಹೇಗೆ? ಈ ಕೊನೆಯ ತುಂಡನ್ನು ಜೋಡಿಸಿದವರು ಟಾಟಾದವರು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಟಪಾಲು ತಂದರು. ಮುಂಬೈಯಿಂದ ನೆವಿಲ್ ವಿನ್ಸೆಂಟ್ ಅದನ್ನು ಮದರಾಸಿಗೆ ಒಯ್ದರು. ನಡುವೆ ಅವರು ಇಳಿದದ್ದು ಬಳ್ಳಾರಿಯಲ್ಲಿ. ಆಗ ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ, ಟಾಟಾದವರ ವಿಮಾನ ಟಪಾಲು ಸೇವೆಯ ದಾರಿಯಲ್ಲಿತ್ತು ಎಂಬುದು ಕನ್ನಡ ನಾಡಿನಲ್ಲಿ ಹೆಚ್ಚು ಜನ ನೆನೆಯದ ಸಂಗತಿ.

1935ರ ಏಪ್ರಿಲ್‌ನಿಂದ ಲಂಡನ್–ಬ್ರಿಸ್ಬೇನ್ ಟಿಕೆಟ್ ಮಾರಾಟಕ್ಕೆ ಬಂತು. ಪ್ರಯಾಣ ಹನ್ನೆರಡೂವರೆ ದಿನದ್ದು. ಬೆಲೆ 195 ಪೌಂಡ್. ಇದನ್ನು ‘ವಿಮಾನ ಪ್ರಯಾಣ’ ಎಂದು ಕರೆದರೂ ಪ್ಯಾರಿಸ್‌ನಿಂದ ಇಟಲಿಯ ಬ್ರಿಂಡಿಸಿವರೆಗೆ ಪ್ರಯಾಣಿಕರು ರೈಲಿನಲ್ಲೇ ಹೋಗಬೇಕಿತ್ತು. ಇಟಲಿಯ ಆಕಾಶದಲ್ಲಿ ಹಾರುವ ವಿಷಯದಲ್ಲಿ ಎರಡು ಸರ್ಕಾರಗಳಿಗೆ ಹೊಂದಿಕೆಯಾಗಿರಲಿಲ್ಲ! ಬ್ರಿಂಡಿಸಿಯಿಂದ ಅಲೆಕ್ಸಾಂಡ್ರಿಯ, ಅಲ್ಲಿಂದ ಕರಾಚಿ, ಜೋಧಪುರ, ದೆಹಲಿ, ಅಲಹಾಬಾದ್, ಕಲ್ಕತ್ತ, ರಂಗೂನ್ ದಾಟಿ ಸಿಂಗಪುರ. ಸಿಂಗಪುರದಲ್ಲಿ ಇಂಪೀರಿಯಲ್‌ನವರು ಪ್ರಯಾಣಿಕರನ್ನು ಕ್ವಾಂಟಾಸ್‌ನವರಿಗೆ ಒಪ್ಪಿಸುತ್ತಿದ್ದರು.

1938ರಲ್ಲಿ ನೀರಿನ ಮೇಲೆ ಇಳಿಯುವ ‘ಎಂಪೈರ್’ ಜಲವಿಮಾನಗಳು ಬಂದವು. ಸೌತಾಂಪ್ಟನ್ ಬಂದರಿನಿಂದ ಸಿಡ್ನಿಯ ರೋಸ್ ಬೇವರೆಗೆ ಒಂಬತ್ತು ಹತ್ತು ದಿನ. ಇವುಗಳಿಗೆ ರನ್‌ವೇ ಬೇಡ, ಅಗಲವಾದ ಕೆರೆಯೋ ನದಿಯೋ ಇದ್ದರೆ ಸಾಕು. ರಾಜಸ್ತಾನದ ರಾಜಸಮಂದ್ ಸರೋವರ, ಗ್ವಾಲಿಯರ್, ಅಲಹಾಬಾದಿನ ಬಳಿ ಯಮುನೆ, ಕಲ್ಕತ್ತದ ಹೂಗ್ಲಿ, ಹೀಗೆ ಭಾರತದ ನೀರಿನ ಮೇಲೆ ಈ ಬೆಳ್ಳಗಿನ ದೊಡ್ಡ ಹಕ್ಕಿಗಳು ಇಳಿದೇಳುತ್ತಿದ್ದವು. ಒಳಗೆ ಓಡಾಡಲು ಜಾಗವಿತ್ತು, ಕಿಟಕಿಯ ಬಳಿ ನಿಂತು ಕೆಳಗಿನ ಊರುಗಳನ್ನು ನೋಡಬಹುದಿತ್ತು, ರಾತ್ರಿಯಾದರೆ ಹೋಟೆಲಿನಲ್ಲಿ ಹಾಸಿಗೆ. ಮೊಣಕಾಲು ಮಡಿಸಿಕೊಂಡು ಹದಿನೇಳು ಗಂಟೆ ಕೂರುವ ಈಗಿನ ಪ್ರಯಾಣಿಕ ಕೇಳಿದರೆ ಹೊಟ್ಟೆಕಿಚ್ಚುಪಟ್ಟಾನು. ಹಣವಿದ್ದವರಿಗೆ ಮಾತ್ರ ಆ ಸುಖ ಎಂಬುದು ಬೇರೆ ಮಾತು.

ದಾರಿ ಕಡಿದ ಯುದ್ಧ

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿದೊಡನೆ ಮೆಡಿಟರೇನಿಯನ್ ಸಮುದ್ರದ ದಾರಿ ಮುಚ್ಚಿತು. ಲಂಡನ್ನಿನ ಟಪಾಲನ್ನು ಹಡಗಿನಲ್ಲಿ ಆಫ್ರಿಕದ ತುದಿ ಸುತ್ತಿಸಿ ದರ್ಬನ್‌ಗೆ ತಂದು, ಅಲ್ಲಿಂದ ಜಲವಿಮಾನದಲ್ಲಿ ಕೈರೋ, ಕರಾಚಿ, ಕಲ್ಕತ್ತ, ಸಿಂಗಪುರಗಳ ಮೂಲಕ ಸಿಡ್ನಿಗೆ ಸಾಗಿಸುವ ವ್ಯವಸ್ಥೆಯಾಯಿತು. ನಕ್ಷೆಯಲ್ಲಿ ಅದು ಕುದುರೆಯ ಲಾಳದಂತೆ ಕಾಣುತ್ತಿದ್ದುದರಿಂದ ‘ಲಾಳದ ದಾರಿ’ ಎಂದೇ ಹೆಸರಾಯಿತು. ಒಂದೂವರೆ ವರ್ಷ ಅದು ಹೇಗೋ ನಡೆಯಿತು.

ಜಪಾನ್ ದಂಡೆತ್ತಿ ಬಂದಾಗ ಅದೂ ಹರಿಯಿತು. 1942ರ ಜನವರಿ 30ರಂದು ‘ಕೋರಿಯೊ’ ಎಂಬ ಜಲವಿಮಾನವನ್ನು ಜಪಾನಿ ಯುದ್ಧವಿಮಾನಗಳು ಟಿಮೋರ್ ಬಳಿ ಹೊಡೆದುರುಳಿಸಿದವು. ಅದರಲ್ಲಿದ್ದ ಹದಿನೆಂಟು ಮಂದಿಯಲ್ಲಿ ಹದಿಮೂರು ಮಂದಿ ಸತ್ತರು. ಫೆಬ್ರವರಿ 15ರಂದು ಸಿಂಗಪುರ ಬಿತ್ತು. ತಿಂಗಳ ಕೊನೆಗೆ ‘ಸರ್ಸಿ’ ಎಂಬ ಇನ್ನೊಂದು ಜಲವಿಮಾನ ಜಾವಾದಿಂದ ಹೊರಟದ್ದು ಆಸ್ಟ್ರೇಲಿಯ ತಲುಪಲೇ ಇಲ್ಲ. ಮಾರ್ಚ್ 3ರಂದು ಆಸ್ಟ್ರೇಲಿಯದ ಪಶ್ಚಿಮ ಕರಾವಳಿಯ ಬ್ರೂಮ್ ಬಂದರಿನ ಮೇಲೆ ದಾಳಿಯಾಯಿತು. ಜಾವಾದಿಂದ ತಪ್ಪಿಸಿಕೊಂಡು ಬಂದಿದ್ದ ಡಚ್ ಹೆಂಗಸರು, ಮಕ್ಕಳು ಬಂದರಿನಲ್ಲಿ ನಿಂತಿದ್ದ ಜಲವಿಮಾನಗಳೊಳಗೆ ಕಾಯುತ್ತಿದ್ದರು. ನೀರಿನ ಮೇಲಿದ್ದ ಹದಿನೈದೂ ಜಲವಿಮಾನಗಳು ಉರಿದವು. ಆ ಬೆಳಿಗ್ಗೆ ಸತ್ತವರು ಎಂಬತ್ತಕ್ಕೂ ಹೆಚ್ಚು ಮಂದಿ.

ಕಲ್ಕತ್ತಕ್ಕೂ ಸಿಡ್ನಿಗೂ ಈಗ ವಿಮಾನ ಸಂಪರ್ಕವಿಲ್ಲ. ನಡುವಣ ನಿಲ್ದಾಣಗಳೆಲ್ಲ ಶತ್ರುವಿನ ಕೈಯಲ್ಲಿ. ಸುಮಾರು ಇಪ್ಪತ್ತು ವರ್ಷ ಕಷ್ಟಪಟ್ಟು ಕಟ್ಟಿದ ದಾರಿ ಕೆಲವೇ ವಾರಗಳಲ್ಲಿ ಇಲ್ಲವಾಗಿತ್ತು. ಉಳಿದಿದ್ದ ಉಪಾಯ ಒಂದೇ. ಆಸ್ಟ್ರೇಲಿಯದ ಪಶ್ಚಿಮ ತುದಿಯ ಪರ್ತ್‌ನಿಂದ ಹಿಂದೂ ಮಹಾಸಾಗರವನ್ನು ಎಲ್ಲೂ ಇಳಿಯದೆ ದಾಟಿ ಸಿಂಹಳ ಸೇರುವುದು. ಶ್ರೀಲಂಕದ ದಕ್ಷಿಣ ತೀರದಲ್ಲಿ, ಗಾಲೆಯ ಸಮೀಪ ಕೊಗ್ಗಲ ಎಂಬ ಸರೋವರವಿದೆ. ಪರ್ತ್‌ನಿಂದ ಅಲ್ಲಿಗೆ 5,652 ಕಿ.ಮೀ. ಆಗ ಯಾವ ವಿಮಾನ ಕಂಪನಿಯೂ ಅಷ್ಟು ದೂರವನ್ನು ಒಂದೇ ಉಸಿರಿಗೆ ಹಾರುತ್ತಿರಲಿಲ್ಲ.

ಕ್ವಾಂಟಾಸ್‌ಗೆ ಬ್ರಿಟನ್ ಐದು ಕ್ಯಾಟಲಿನಾ ಜಲವಿಮಾನಗಳನ್ನು ಕೊಟ್ಟಿತು. ಗಂಟೆಗೆ ಸುಮಾರು 200 ಕಿ.ಮೀ. ವೇಗದ, ಎರಡು ಎಂಜಿನ್‌ಗಳ ನಿಧಾನದ ವಿಮಾನಗಳವು. ಅನಗತ್ಯವೆನಿಸಿದ್ದನ್ನೆಲ್ಲ ಕಿತ್ತು ಹಾಕಿ ಹೆಚ್ಚಿನ ಇಂಧನದ ತೊಟ್ಟಿಗಳನ್ನು ಇಡಲಾಯಿತು. ಇಂಧನವೇ ಅಷ್ಟು ಭಾರವಾದ ಮೇಲೆ ಉಳಿದುದಕ್ಕೆ ಜಾಗವೆಲ್ಲಿ? ಒಂದು ಯಾನದಲ್ಲಿ ಮೂವರು ಪ್ರಯಾಣಿಕರು ಮತ್ತು 69 ಕಿಲೋ ಟಪಾಲು, ಅಷ್ಟೇ. ಇಷ್ಟು ತೂಕ ಹೊತ್ತು ಹೊರಟ ವಿಮಾನದ ಒಂದು ಎಂಜಿನ್ ಮೊದಲ ಕೆಲವು ಗಂಟೆಗಳಲ್ಲಿ ಕೆಟ್ಟರೆ ಇನ್ನೊಂದು ಅದನ್ನು ಗಾಳಿಯಲ್ಲಿ ಹಿಡಿದಿಡಲಾರದು. ಕೆಳಗೆ ಸಮುದ್ರವಲ್ಲದೆ ಬೇರೇನೂ ಇಲ್ಲ.

ರೇಡಿಯೊ ಬಳಸಿದರೆ ಶತ್ರುವಿಗೆ ಸುಳಿವು ಸಿಗುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಮೌನ. ದಿಕ್ಕು ತಿಳಿಯಲು ನಕ್ಷತ್ರಗಳೇ ಗತಿ. ಬಹುಶಃ ಆ ಕಾರಣಕ್ಕೇ ಇರಬೇಕು, ಐದೂ ವಿಮಾನಗಳಿಗೆ ಆಲ್ಟೇರ್, ವೇಗಾ, ಆಂಟಾರೆಸ್, ರೈಜೆಲ್, ಸ್ಪೈಕಾ ಎಂದು ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು. ನಮ್ಮ ಪಂಚಾಂಗದ ಭಾಷೆಯಲ್ಲಿ ಶ್ರವಣ, ಅಭಿಜಿತ್, ಜ್ಯೇಷ್ಠಾ ಮತ್ತು ಚಿತ್ತಾ ಇದರಲ್ಲಿವೆ. ಜಪಾನಿ ವಿಮಾನಗಳು ಗಸ್ತು ತಿರುಗುವ ಭಾಗವನ್ನು ಕತ್ತಲಲ್ಲಿ ದಾಟುವಂತೆ ಹೊರಡುವ ಹೊತ್ತನ್ನು ಗೊತ್ತು ಮಾಡುತ್ತಿದ್ದರು.

1943ರ ಮಧ್ಯದಲ್ಲಿ ಶುರುವಾದ ಈ ಯಾನ ಗಾಳಿಯನ್ನು ಅವಲಂಬಿಸಿ 27ರಿಂದ 33 ಗಂಟೆ ಹಿಡಿಯುತ್ತಿತ್ತು. ಒಮ್ಮೆ ಹತ್ತಿ ಕೂತರೆ ಇಳಿಯುವುದರೊಳಗೆ ಸೂರ್ಯ ಎರಡು ಸಲ ಹುಟ್ಟುತ್ತಿದ್ದ. ಪ್ರಯಾಣಿಕರಿಗೆ ಕ್ವಾಂಟಾಸ್ ಒಂದು ಪ್ರಮಾಣಪತ್ರ ಕೊಡುತ್ತಿತ್ತು. ಇಪ್ಪತ್ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಗಾಳಿಯಲ್ಲಿದ್ದ ಅವರು ಇನ್ನು ಮುಂದೆ ‘ಇಮ್ಮಡಿ ಸೂರ್ಯೋದಯದ ಗುಪ್ತ ಸಂಘ’ದ ಸದಸ್ಯರು ಎಂಬುದು ಅದರ ತಾತ್ಪರ್ಯ. ಸಂಘದ ಹೆಸರಿನಲ್ಲಿ ವಿನೋದವಿತ್ತು, ‘ಗುಪ್ತ’ ಎಂಬ ಮಾತು ಮಾತ್ರ ನಿಜ. ಯುದ್ಧ ಮುಗಿಯುವವರೆಗೂ ಈ ಸೇವೆಯ ಬಗ್ಗೆ ಹೊರಗೆ ಬಾಯಿ ಬಿಡುವಂತಿರಲಿಲ್ಲ.

1945ರ ಜುಲೈವರೆಗೆ ಈ ಕ್ಯಾಟಲಿನಾಗಳು 271 ಸಲ ಸಾಗರ ದಾಟಿದವು. ಒಂದು ವಿಮಾನವೂ ಕಳೆದುಹೋಗಲಿಲ್ಲ, ಒಂದು ಜೀವವೂ ಹೋಗಲಿಲ್ಲ. ಮುಂಚಿನ ವರ್ಷ ಆದ ಸಾವುಗಳನ್ನು ನೆನೆದರೆ ಇದು ಪವಾಡದಂತೆ ಕಾಣುತ್ತದೆ. ಆದರೆ ಅದರ ಹಿಂದಿದ್ದದ್ದು ಎಂಜಿನ್‌ಗಳನ್ನು ಬಿಡದೆ ತಪಾಸಣೆ ಮಾಡಿದ ಮೆಕ್ಯಾನಿಕ್‌ಗಳ ಮತ್ತು ನಕ್ಷತ್ರ ನೋಡಿ ಲೆಕ್ಕ ಹಾಕಿದ ನ್ಯಾವಿಗೇಟರ್‌ಗಳ ಶ್ರದ್ಧೆ.

ಕ್ಯಾಟಲಿನಾಗಳ ಪರಿಚಯ ಬೆಂಗಳೂರಿಗೂ ಇತ್ತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ದುರಸ್ತಿಗೆಂದು ಬರುತ್ತಿದ್ದ ಕ್ಯಾಟಲಿನಾಗಳು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ! ನೊರೆಗೂ ಬೆಂಕಿಗೂ ಹೆಸರಾದ ಆ ಕೆರೆ ಒಂದು ಕಾಲಕ್ಕೆ ವಿಮಾನ ನಿಲ್ದಾಣವೂ ಆಗಿತ್ತೆಂದರೆ ಈಗಿನ ಬೆಂಗಳೂರಿಗರು ನಂಬುವುದು ಕಷ್ಟ.

ಪರ್ತ್‌ನ ಐದು ಕ್ಯಾಟಲಿನಾಗಳ ಗತಿ ಚೆನ್ನಾಗಿರಲಿಲ್ಲ. ಅಮೆರಿಕದಿಂದ ಯುದ್ಧಕಾಲದ ಎರವಲಾಗಿ ಬಂದ ಸಾಮಗ್ರಿಯನ್ನು ಯುದ್ಧದ ನಂತರ ಹಿಂದಿರುಗಿಸಬೇಕು ಇಲ್ಲವೇ ನಾಶ ಮಾಡಬೇಕು ಎಂಬುದು ಕರಾರು. ನಾಲ್ಕನ್ನು ಪರ್ತ್ ಬಳಿಯ ರಾಟ್ನೆಸ್ಟ್ ದ್ವೀಪದಾಚೆ ಕಡಲಿನಲ್ಲಿ ಮುಳುಗಿಸಲಾಯಿತು. ಐದನೆಯದನ್ನು ಸಿಡ್ನಿಯಾಚೆ ಮುಳುಗಿಸಿದರು.

ದಿನಗಳಿಂದ ಗಂಟೆಗಳಿಗೆ

1947ರ ಡಿಸೆಂಬರ್ 1ರಂದು ಕ್ವಾಂಟಾಸ್‌ನ ಕಾನ್‌ಸ್ಟಲೇಶನ್ ವಿಮಾನ 29 ಪ್ರಯಾಣಿಕರೊಡನೆ ಸಿಡ್ನಿ ಬಿಟ್ಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೋಲಿಗಳಲ್ಲಿ ಇಳಿದು ನಾಲ್ಕು ದಿನದಲ್ಲಿ ಲಂಡನ್ ಸೇರಿತು. ‘ಕಾಂಗರೂ ದಾರಿ’ ಎಂಬ ಹೆಸರು ನಿಂತದ್ದು ಆಗಿನಿಂದ. ಕುಪ್ಪಳಿಸಿ ಕುಪ್ಪಳಿಸಿ ಹೋಗುವ ಈ ಸೇವೆಗೆ ಅದು ತಕ್ಕ ಹೆಸರೇ. ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಕಲ್ಕತ್ತ ಮತ್ತು ಕರಾಚಿ ಆಗಲೇ ಎರಡು ದೇಶಗಳ ಊರುಗಳಾಗಿದ್ದವು. ವಿಮಾನ ಮಾತ್ರ ಮುಂಚಿನಂತೆಯೇ ಒಂದರಿಂದ ಇನ್ನೊಂದಕ್ಕೆ ಹಾರಿತು.

ಹೋಗಿ ಬರುವ ಟಿಕೆಟ್ಟಿಗೆ ಆಗ ಸಾಮಾನ್ಯ ಆಸ್ಟ್ರೇಲಿಯನ್ ನೌಕರನ ಒಂದು ವರ್ಷಕ್ಕೂ ಮಿಕ್ಕಿದ ಸಂಬಳ ಬೇಕಿತ್ತು. ಅದೇ ಕಾಲಕ್ಕೆ ಹತ್ತು ಪೌಂಡ್ ಕೊಟ್ಟರೆ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಕರೆದೊಯ್ಯುವ ವಲಸೆ ಯೋಜನೆ ಬ್ರಿಟನ್ನಿನಲ್ಲಿ ನಡೆದಿತ್ತು. ವರ್ಷಗಳುದ್ದಕ್ಕೂ ಲಕ್ಷಾಂತರ ಮಂದಿ ಅದರಲ್ಲಿ ಹೋದರು. ಬಂದರಿನಲ್ಲಿ ಕೈಬೀಸಿದ ಅಪ್ಪ ಅಮ್ಮಂದಿರನ್ನು ಅವರಲ್ಲಿ ಅನೇಕರು ಮತ್ತೆ ನೋಡಲಿಲ್ಲ. ಜೆಟ್ ವಿಮಾನ ಬಂದದ್ದರಿಂದ ಆದ ದೊಡ್ಡ ಉಪಕಾರವೆಂದರೆ ಇದೇ ಇರಬೇಕು. 1960ರ ದಶಕದಲ್ಲಿ ಬೋಯಿಂಗ್ 707 ಈ ದಾರಿಯನ್ನು ಒಂದೂವರೆ ದಿನದ ಆಜುಬಾಜಿಗೆ ತಂದಿತು. 1970ರ ದಶಕದಲ್ಲಿ ಜಂಬೋ ಜೆಟ್ ಟಿಕೆಟ್ಟಿನ ಬೆಲೆಯನ್ನು ಇಳಿಸಿತು. ವಿಮಾನಗಳು ಹೆಚ್ಚು ದೂರ ಹಾರತೊಡಗಿದಂತೆ ನಡುವಣ ನಿಲ್ದಾಣಗಳು ಒಂದೊಂದಾಗಿ ಉದುರಿದವು. ಅಲಹಾಬಾದ್ ಮೊದಲೇ ಹೋಗಿತ್ತು, ಮುಂದೆ ಕರಾಚಿ, ಕಲ್ಕತ್ತಗಳೂ ಹೋದವು. ಉಳಿದದ್ದು ಸಿಂಗಪುರ.

ಎಲ್ಲಿಯೂ ಇಳಿಯದೆ ಹಾರಿದರೆ? 1989ರ ಆಗಸ್ಟ್‌ನಲ್ಲಿ ಕ್ವಾಂಟಾಸ್ ಅದನ್ನೂ ಮಾಡಿ ತೋರಿಸಿತು. ಹೊಸ 747-400 ವಿಮಾನವೊಂದನ್ನು ಲಂಡನ್ನಿನಿಂದ ಸಿಡ್ನಿಗೆ 20 ಗಂಟೆ 9 ನಿಮಿಷದಲ್ಲಿ ನೇರವಾಗಿ ತಂದರು. ಆದರೆ ನಾನೂರು ಮಂದಿ ಹಿಡಿಸುವ ವಿಮಾನದಲ್ಲಿ ಇದ್ದವರು ಇಪ್ಪತ್ತಕ್ಕೂ ಕೊಂಚ ಹೆಚ್ಚು. ಇಂಧನವೇ 180 ಟನ್ನಿಗೂ ಮೇಲೆ. ಅದೂ ಈ ಯಾನಕ್ಕೆಂದೇ ತಯಾರಿಸಿದ ಹೆಚ್ಚು ಸಾಂದ್ರತೆಯ ಇಂಧನ. ಹನಿ ಹನಿ ಉಳಿಸಲೆಂದು ವಿಮಾನವನ್ನು ರನ್‌ವೇ ತನಕ ಟ್ರಾಕ್ಟರಿನಿಂದ ಎಳೆದು ತಂದು ನಿಲ್ಲಿಸಿದ್ದರು. ದೂರದ ಯಾನದ ಕಷ್ಟವೇ ಇದು. ಕೊನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಗಂಟೆಯಿಂದಲೇ ಹೊರಬೇಕು, ಹಾಗೆ ಹೊರಲು ಇನ್ನಷ್ಟು ಇಂಧನ ಸುಡಬೇಕು. ಕ್ಯಾಟಲಿನಾದ ಮೂವರು ಪ್ರಯಾಣಿಕರ ಲೆಕ್ಕ ಇಲ್ಲಿಯೂ ತಪ್ಪಲಿಲ್ಲ. ಆ ವಿಮಾನ ತನ್ನ ಕೊನೆಯ ಹಾರಾಟ ಮಾಡಿದ್ದು 2015ರಲ್ಲಿ, ಸಿಡ್ನಿಯಿಂದ ಸಮೀಪದ ವಸ್ತುಸಂಗ್ರಹಾಲಯಕ್ಕೆ. ಆ ಯಾನಕ್ಕೆ ಕಾಲು ಗಂಟೆ ಸಾಕಾಯಿತು.

2018ರ ಮಾರ್ಚ್‌ನಲ್ಲಿ ಪರ್ತ್‌ನಿಂದ ಲಂಡನ್ನಿಗೆ ನೇರ ವಿಮಾನ ಸೇವೆ ಶುರುವಾಯಿತು. 14,498 ಕಿ.ಮೀ., ಸುಮಾರು 17 ಗಂಟೆ. ಹಗುರ ಸಂಯುಕ್ತ ವಸ್ತುಗಳಿಂದ ಮಾಡಿದ ಬೋಯಿಂಗ್ 787 ಬಂದದ್ದರಿಂದ ಇದು ಸಾಧ್ಯವಾಯಿತು. ಅದೇ ಪರ್ತ್, ಮೂವತ್ತು ಗಂಟೆ ಹಾರಿ ಸಿಂಹಳ ಮುಟ್ಟಿದರೆ ಸಾಕೆನ್ನುತ್ತಿದ್ದ ಊರು.

ಧ್ರುವದ ಮೇಲಿಂದ ಬೆಂಗಳೂರಿಗೆ

ಭೂಗೋಳದ ಮೇಲಿನ ದಾರವನ್ನು ಇನ್ನೊಂದು ಜೋಡಿ ಊರುಗಳ ನಡುವೆ ಹಿಡಿಯಬಹುದು. ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೊಗೂ. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ನೋಡಿದರೆ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕೆನಿಸುತ್ತದೆ. ದಾರ ಹೋಗುವುದು ಮಾತ್ರ ನೇರ ಉತ್ತರಕ್ಕೆ, ಧ್ರುವದ ಸಮೀಪದಿಂದ. ಸುಮಾರು 14,000 ಕಿ.ಮೀ. 2021ರ ಜನವರಿ 11ರ ನಸುಕಿನಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ, ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಯಾನ ಹಿಡಿದದ್ದು ಸುಮಾರು 17 ಗಂಟೆ. ಬೆಂಗಳೂರನ್ನು ಅಮೆರಿಕಕ್ಕೆ ಜೋಡಿಸಿದ ಮೊದಲ ನೇರ ಸೇವೆ ಅದು.

ಧ್ರುವದ ದಾರಿ ಹತ್ತಿರವಾದರೂ ಹಗುರವಲ್ಲ. ಅಲ್ಲಿಯ ಚಳಿಗೆ ತೊಟ್ಟಿಯಲ್ಲಿರುವ ಇಂಧನ ಹೆಪ್ಪುಗಟ್ಟುವ ಭಯವಿದೆ. ಕಾಂತ ಸೂಜಿಯನ್ನು ನಂಬುವಂತಿಲ್ಲ. ಏನಾದರೂ ಆದರೆ ಇಳಿಯಲು ನಿಲ್ದಾಣಗಳು ಕಡಿಮೆ. ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ವಿಮಾನವನ್ನು ನೂಕಲೂಬಹುದು, ತಡೆಯಲೂಬಹುದು. ಹಾಗಾಗಿ ಪರ್ತ್‌ನಿಂದ ಲಂಡನ್ನಿಗೆ ಹೋಗುವುದಕ್ಕಿಂತ ಲಂಡನ್ನಿನಿಂದ ಪರ್ತ್‌ಗೆ ಬರುವುದು ಬೇಗ. ವಿಮಾನ ಕಂಪನಿಗಳು ಪ್ರತಿದಿನ ದಾರಿಯನ್ನು ಹೊಸದಾಗಿ ಗೀಚುವುದು ಇದೇ ಕಾರಣಕ್ಕೆ. ಎಷ್ಟೋ ದಿನ ಉದ್ದನೆಯ ದಾರಿಯೇ ಬೇಗ ತಲುಪಿಸುತ್ತದೆ.

2019ರ ನವೆಂಬರ್‌ನಲ್ಲಿ ಕ್ವಾಂಟಾಸ್ ಮತ್ತೊಮ್ಮೆ ಲಂಡನ್ನಿನಿಂದ ಸಿಡ್ನಿಗೆ ನೇರವಾಗಿ ಹಾರಿತು. ಮನುಷ್ಯರ ನಿದ್ರೆ, ಆಹಾರ, ದಣಿವುಗಳನ್ನು ಪರೀಕ್ಷಿಸಲೆಂದು ನಡೆಸಿದ ಯಾನವದು. ಹಿಡಿದದ್ದು 19 ಗಂಟೆ 19 ನಿಮಿಷ. ಆ ಹೊತ್ತಿನಲ್ಲಿ ವಿಮಾನದಲ್ಲಿದ್ದವರು ಎರಡು ಸೂರ್ಯೋದಯಗಳನ್ನು ಕಂಡರು. ಈ ಯೋಜನೆಗೆ ಕಂಪನಿ ಇಟ್ಟ ಹೆಸರು ‘ಸೂರ್ಯೋದಯ ಯೋಜನೆ’, ಕಡಲಿನಲ್ಲಿ ಮುಳುಗಿಸಿದ ಆ ಕ್ಯಾಟಲಿನಾಗಳ ನೆನಪಿಗೆ. 2022ರಲ್ಲಿ ಅದಕ್ಕಾಗಿ ಹೆಚ್ಚುವರಿ ಇಂಧನ ತೊಟ್ಟಿಯುಳ್ಳ ಹನ್ನೆರಡು ಏರ್‌ಬಸ್ ಎ350 ವಿಮಾನಗಳಿಗೆ ಬೇಡಿಕೆ ಸಲ್ಲಿಸಲಾಯಿತು.

ಅದೇ 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಪಶ್ಚಿಮದ ವಿಮಾನಗಳಿಗೆ ಮುಚ್ಚಿತು. ಲಂಡನ್–ಸಿಡ್ನಿ ದಾರ ಹಾದುಹೋಗುವ ಆಕಾಶದಲ್ಲಿ ಒಂದು ಭಾಗ ಅದೇ. 2024ರ ಏಪ್ರಿಲ್‌ನಲ್ಲಿ ಪಶ್ಚಿಮ ಏಷ್ಯದಲ್ಲಿ ಉದ್ವಿಗ್ನತೆ ಹೆಚ್ಚಿದಾಗ ಕ್ವಾಂಟಾಸ್ ವಿಮಾನಗಳು ಇರಾನಿನ ಆಕಾಶವನ್ನು ತಪ್ಪಿಸಿ ಸುತ್ತಬೇಕಾಯಿತು. ಹಾಗೆ ಸುತ್ತಿದರೆ ಎದುರುಗಾಳಿಯಲ್ಲಿ ಪರ್ತ್‌ನಿಂದ ಲಂಡನ್ ತಲುಪುವಷ್ಟು ಇಂಧನವನ್ನು ತುಂಬಿದ ವಿಮಾನದಲ್ಲಿ ಒಯ್ಯುವಂತಿರಲಿಲ್ಲ. ಲಂಡನ್ನಿನಿಂದ ಪರ್ತ್‌ಗೆ ಬರುವವರು ಬೆನ್ನಗಾಳಿಯ ನೆರವಿನಿಂದ ನೇರವಾಗಿಯೇ ಬಂದರು. ಹೋಗುವ ವಿಮಾನ ಮಾತ್ರ ಇಂಧನ ತುಂಬಿಸಿಕೊಳ್ಳಲು, 1935ರ ವಿಮಾನಗಳಂತೆಯೇ, ಸಿಂಗಪುರದಲ್ಲಿ ಇಳಿಯಿತು.